ಕರಿ ಹೊಗೆ ಬಂತೆಂದು ಪಂಪ್ ಬಿಚ್ಚುವ ಮುನ್ನ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವ ಲೋಡ್ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಆ ಹೊಗೆಯ ಪರಿಚಯವಿರುತ್ತದೆ. ಚಾಲಕ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಸೈಲೆನ್ಸರಿನಿಂದ ಮಸಿಯ ಮೋಡ ಏಳುತ್ತದೆ, ಲಾರಿ ಮಾತ್ರ ಏಳುವುದಿಲ್ಲ. ಇಂಥ ಗಾಡಿ ಗ್ಯಾರೇಜಿಗೆ ಬಂದರೆ ಬಹಳ ಸಲ ಮೊದಲು ಕೈ ಹೋಗುವುದು ಇಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿಗೆ. ಪಂಪು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳನ್ನು ಕಳಚಿ ಸರ್ವಿಸಿಗೆ ಕಳಿಸಿ, ಎರಡು ದಿನ ಗಾಡಿ ನಿಲ್ಲಿಸಿ, ಬಿಲ್ಲು ಕಟ್ಟಿದ ಮೇಲೂ ಹೊಗೆ ಇದ್ದಂತೆಯೇ ಇರುತ್ತದೆ. ಯಾಕೆಂದರೆ ಡೀಸೆಲ್ ಹೆಚ್ಚಾದರೆ ಬರುವ ಹೊಗೆಯೇ ಗಾಳಿ ಕಡಿಮೆಯಾದರೂ ಬರುತ್ತದೆ. ಗಾಳಿಯ ದಾರಿ ನೋಡಲು ಒಂದು ಗಂಟೆ ಸಾಕು, ಖರ್ಚೂ ಇಲ್ಲ.

ಲೆಕ್ಕ ಹಾಕಿಯೇ ನೋಡೋಣ. ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೊ ಗಾಳಿ ಬೇಕು. ಆದರೆ 2000 ಆರ್‌ಪಿಎಂನಲ್ಲಿ ಓಡುವ ಇಂಜಿನ್ನಿನಲ್ಲಿ ಡೀಸೆಲ್ ಗಾಳಿಯೊಂದಿಗೆ ಬೆರೆತು ಉರಿಯಲು ಸಿಗುವುದು ಒಂದು ಸೆಕೆಂಡಿನ ಸಾವಿರದ ಎರಡು ಮೂರು ಭಾಗ ಮಾತ್ರ. ಅಷ್ಟರಲ್ಲಿ ಎಲ್ಲ ಹನಿಗೂ ಗಾಳಿ ಸಿಗಬೇಕಾದರೆ ಗಾಳಿ ಧಾರಾಳವಾಗಿರಬೇಕು. ಡೀಸೆಲ್ಲಿಗೆ ಗಾಳಿಯ ಅನುಪಾತ 18–20ಕ್ಕಿಂತ ಕೆಳಗಿಳಿದರೆ ಹೊಗೆ ಕಣ್ಣಿಗೆ ಕಾಣತೊಡಗುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಬೇಕಾದಷ್ಟಿರುವ 5.9 ಲೀಟರಿನ ಆರು ಸಿಲಿಂಡರ್ ಇಂಜಿನ್ ಈ ವೇಗದಲ್ಲಿ ಟರ್ಬೊ (ಹೊರಹೋಗುವ ಬಿಸಿ ಹೊಗೆಯಿಂದ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಫ್ಯಾನ್) ಇಲ್ಲದೆ ನಿಮಿಷಕ್ಕೆ ಎಳೆಯಬಲ್ಲದ್ದು 6 ಕಿಲೊ ಆಸುಪಾಸಿನ ಗಾಳಿ. ಟರ್ಬೊ 1 ಬಾರ್ ಒತ್ತಡ ಕೊಟ್ಟರೆ ಅದು 11–12 ಕಿಲೊ ಆಗುತ್ತದೆ. ಪೂರ್ತಿ ಲೋಡಿನಲ್ಲಿ ಡೀಸೆಲ್ ನಿಮಿಷಕ್ಕೆ ಸುಮಾರು ಅರ್ಧ ಕಿಲೊ ಹೋಗುತ್ತದೆ. ಅಂದರೆ ಟರ್ಬೊ ಸರಿಯಿದ್ದಾಗ ಅನುಪಾತ 22–24, ಟರ್ಬೊ ಒತ್ತಡ ಸೋರಿಹೋದರೆ 12. ಗಾಳಿಯ ಪೈಪನ್ನು ಬಿಗಿಯುವ ಒಂದೇ ಒಂದು ಕ್ಲಾಂಪ್ ಸಡಿಲವಾದರೆ ಸಾಕು, ಇಷ್ಟು ಮಾಡಬಲ್ಲದು.

ಹಾಗಾಗಿ ಏರ್ ಕ್ಲೀನರಿನಿಂದ ಶುರು ಮಾಡಬೇಕು. ಅದರ ಮೇಲಿನ ಇಂಡಿಕೇಟರ್ ಕೆಂಪಿಗೆ ಬಂದಿದೆಯೇ ನೋಡಿ. ಅನೇಕ ಟರ್ಬೊ ಇಂಜಿನ್‌ಗಳಲ್ಲಿ ಇದಕ್ಕೆ ಗಡಿ 635 ಮಿಲಿಮೀಟರ್ ನೀರಿನ ಎತ್ತರದಷ್ಟು ಎಳೆತ. ಫಿಲ್ಟರನ್ನು ಟೈರಿಗೆ ಬಡಿದು ಧೂಳು ಕೊಡಹುವುದು ಬೇಡ, ಕಾಗದ ಹರಿದು ಒಳಹೋದ ಧೂಳು ಸಿಲಿಂಡರಿನ ಒಳಗೋಡೆಯಾದ ಲೈನರನ್ನೇ ತಿನ್ನುತ್ತದೆ. ಒಳಗಿನ ಚಿಕ್ಕ ಫಿಲ್ಟರಿಗೆ ಗಾಳಿ ಹೊಡೆದು ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು.

ಆಮೇಲೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ಹೋಸ್ ಪೈಪುಗಳು. ಸೋರುವ ಜಾಗದಲ್ಲಿ ಎಣ್ಣೆಯ ಪಸೆ ಹೊರಬಂದು ಧೂಳು ಅಂಟಿ ಕಪ್ಪು ಕಲೆಯಾಗಿರುತ್ತದೆ, ಬೆರಳಾಡಿಸಿದರೆ ಜಿಡ್ಡು ಹತ್ತುತ್ತದೆ. ಹೋಸಿನ ಕೆಳಮೈ ಬಾಗಿಸಿ ನೋಡಿ, ಸೀಳು ಹೆಚ್ಚಾಗಿ ಕಣ್ಣಿಗೆ ಬೀಳದ ಆ ಮಗ್ಗುಲಲ್ಲೇ ಇರುತ್ತದೆ. ಅನುಮಾನವಿದ್ದರೆ ಇಂಟರ್‌ಕೂಲರಿನ ಎರಡೂ ಬಾಯಿ ಮುಚ್ಚಿ, ಮುಚ್ಚಳಗಳನ್ನು ಸರಪಳಿಯಿಂದ ಬಿಗಿದು, 2 ಬಾರ್ ಗಾಳಿ ತುಂಬಿ ಸೋಪಿನ ನೀರು ಹಚ್ಚಬೇಕು. ಸರಪಳಿ ಬಿಡಬೇಡಿ. ಆ ಒತ್ತಡಕ್ಕೆ ಹಾರಿದ ಮುಚ್ಚಳ ಮುಖಕ್ಕೆ ಬಡಿದರೆ ಕಣ್ಣೇ ಹೋದೀತು. ಟರ್ಬೊ ಒತ್ತಡ ಅಳೆಯುವುದಾದರೆ ಲೋಡ್ ಇರುವ ಗಾಡಿಯನ್ನು ಏರಿನಲ್ಲಿ ಓಡಿಸಿಯೇ ಅಳೆಯಿರಿ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ಒಳ್ಳೆಯ ಟರ್ಬೊ ಕೂಡ ಏನೂ ತೋರಿಸುವುದಿಲ್ಲ.

ಹೊರಹೋಗುವ ದಾರಿಯನ್ನು ಬಹಳ ಮಂದಿ ಮರೆತೇಬಿಡುತ್ತಾರೆ. ಹೊಗೆಯ ದಾರಿಯನ್ನು ಮುಚ್ಚಿ ಗಾಡಿಯ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ತಟ್ಟೆ ಮಸಿ ಕಟ್ಟಿ ಅರ್ಧ ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಉರಿದ ಹೊಗೆ ಹೊರಹೋಗಲಾರದು, ಹೊಸ ಗಾಳಿಗೆ ಜಾಗವಿರದು. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಅದರ ಲಿವರನ್ನು ಕೈಯಿಂದ ಆಡಿಸಿದರೆ ಗೊತ್ತಾಗುತ್ತದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನ ಜಾಯಿಂಟಿನಲ್ಲಿ ಕಪ್ಪು ಗೆರೆ ಕಂಡರೆ, ಟರ್ಬೊ ತಿರುಗಿಸಬೇಕಾದ ಬಿಸಿಗಾಳಿ ಅಲ್ಲೇ ಸೋರುತ್ತಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಸರಿಯಿದ್ದರೆ ಈಗ ಡೀಸೆಲ್ ಕಡೆಗೆ ತಿರುಗಬಹುದು. ಹಳೆಯ ಇನ್‌ಲೈನ್ ಪಂಪಿನ ಟರ್ಬೊ ಇಂಜಿನ್‌ಗಳಲ್ಲಿ, ಟರ್ಬೊ ಒತ್ತಡ ಕಡಿಮೆ ಇದ್ದಾಗ ಡೀಸೆಲನ್ನೂ ತಗ್ಗಿಸುವ ಡಯಾಫ್ರಂ ಪಂಪಿನ ಮೇಲಿರುತ್ತದೆ. ಪಿಕಪ್ ಬರಲಿ ಎಂದು ಯಾರಾದರೂ ಅದರ ಸ್ಕ್ರೂ ತಿರುಗಿಸಿದ್ದರೆ ಗೇರ್ ಬದಲಿಸಿದಾಗಲೆಲ್ಲ ಹೊಗೆ ಉಗುಳುತ್ತದೆ. ಸೀಲ್ ಒಡೆದಿದೆಯೇ ನೋಡಿ. ಯಾವ ಸಿಲಿಂಡರಿನ ತಪ್ಪು ಎಂದು ತಿಳಿಯಲು ಐಡಲ್‌ನಲ್ಲಿ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಬೇಕು. ಒಳ್ಳೆಯ ಸಿಲಿಂಡರ್ ಆದರೆ ಇಂಜಿನ್ ಕುಸಿಯುತ್ತದೆ. ಸದ್ದು ಬದಲಾಗದೆ ಹೊಗೆ ಮಾತ್ರ ಇಳಿದರೆ ಅದರ ನಾಜಲ್ಲೇ ಬಿಚ್ಚಬೇಕಾದ್ದು. ಟೆಸ್ಟರಿನಲ್ಲಿ ಅದು ಮಂಜಿನಂತೆ ಸಿಂಪಡಿಸಬೇಕು, ತುದಿಯಲ್ಲಿ ಹನಿ ತೊಟ್ಟಿಕ್ಕಬಾರದು. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಈ ಪರೀಕ್ಷೆ ಖಂಡಿತ ಕೂಡದು. ಅಲ್ಲಿನ 1600 ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗಿಳಿಯುತ್ತದೆ. ಗಾಯ ಸಣ್ಣ ಚುಕ್ಕೆಯಂತೆ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಬೆರಳು ಉಳಿಯದಿರಬಹುದು. ಅಲ್ಲಿ ಇಂಜಿನ್ನಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಬಳಸಿ.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದು ಯಾವಾಗ ಬರುತ್ತದೆ ಎನ್ನುವುದೇ ದೊಡ್ಡ ಸುಳಿವು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗುಕ್ಕು ಬಂದು ನಿಂತರೆ ವಾಲ್ವಿನ ಆಯಿಲ್ ಸೀಲ್. ಏರಿನಲ್ಲಿ ಬಿಡದೆ ಬಂದು, ಇಂಜಿನ್ನಿನ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಹಬೆ ನುಗ್ಗುತ್ತಿದ್ದರೆ ರಿಂಗು, ಲೈನರ್ ಸವೆದಿವೆ. ಬಹಳ ಹೊತ್ತು ಐಡಲ್‌ನಲ್ಲಿ ನಿಂತು ಹೊರಟಾಗ ಬಂದರೆ ಟರ್ಬೊ ಮೇಲೆ ಅನುಮಾನ ಪಡಬಹುದು. ಆದರೆ ಹೊಸ ಟರ್ಬೊ ತರುವ ಮೊದಲು ಅದರಿಂದ ಆಯಿಲ್ ಇಳಿಯುವ ಪೈಪು, ಬ್ರೀದರ್ ಎರಡೂ ಕಟ್ಟಿಲ್ಲವೆಂದು ನೋಡಲೇಬೇಕು. ಇಳಿಯಲು ದಾರಿಯಿಲ್ಲದ ಆಯಿಲ್ ಹೊಸ ಟರ್ಬೊದ ಸೀಲನ್ನೂ ದಾಟುತ್ತದೆ.

ಬಿಳಿ ಹೊಗೆಯಲ್ಲಿ ಎರಡು ಬಗೆ. ಕಣ್ಣುರಿಸುವಂಥದ್ದು ಉರಿಯದ ಡೀಸೆಲ್. ಚಳಿಯ ಬೆಳಗಿನಲ್ಲಿ ಬಂದು ಇಂಜಿನ್ ಬಿಸಿಯಾದಂತೆ ಹೋದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಉಳಿದರೆ ಕಂಪ್ರೆಷನ್ ಇಳಿದಿದೆ ಅಥವಾ ಪಂಪಿನ ಟೈಮಿಂಗ್ ತಡವಾಗಿದೆ. ಸಿಹಿ ವಾಸನೆಯದು ಕೂಲಂಟ್, ಅಂದರೆ ಇಂಜಿನ್ ತಣಿಸುವ ರೇಡಿಯೇಟರಿನ ದ್ರವ. ಸೈಲೆನ್ಸರಿನ ಬಾಯಿಗೆ ಸ್ವಲ್ಪ ದೂರದಲ್ಲಿ ಬಿಳಿ ಕಾಗದ ಹಿಡಿದು ಒಣಗಲು ಬಿಡಿ. ಡೀಸೆಲ್ಲಾದರೆ ಎಣ್ಣೆಯ ಕಲೆ ಉಳಿಯುತ್ತದೆ, ಬರೀ ಹಬೆಯಾದರೆ ಉಳಿಯದು. ಕೂಲಂಟ್ ಇಳಿಯುತ್ತಾ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಬಿಸಿಯಲ್ಲಿ ಮುಚ್ಚಳ ತೆಗೆಯಬೇಡಿ.

ಗಾಡಿಯ ಹೊಗೆ ತಪಾಸಣೆ (ಪಿಯುಸಿ) ಪಾಸಾಗಿದೆ ಎಂಬುದನ್ನು ಇಂಜಿನ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳುವುದು ತಪ್ಪು. ಬಿಎಸ್-4 ಹೊಗೆ ನಿಯಮಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಗಡಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆಯ ಅಳತೆ), ಬಿಎಸ್-4ಕ್ಕೆ 50. ಆದರೆ ನಿಂತಲ್ಲೇ ರೇಸ್ ಮಾಡಿ ಅಳೆಯುವ ಆ ಪರೀಕ್ಷೆಯಲ್ಲಿ ಲೋಡೇ ಇರುವುದಿಲ್ಲ. ಇಂಟರ್‌ಕೂಲರಿನ ಸೋರಿಕೆ ಅಲ್ಲಿ ಸಿಗದೆ ಘಾಟಿಯಲ್ಲೇ ಕಾಣಿಸಿಕೊಳ್ಳಬಹುದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಕಣ್ಣಿಗೆ ಬಣ್ಣವೇ ಸಿಗುವುದಿಲ್ಲ. ಮಸಿಯನ್ನೆಲ್ಲ ಸೈಲೆನ್ಸರಿನ ದಾರಿಯಲ್ಲಿರುವ ಡಿಪಿಎಫ್ ಎಂಬ ಫಿಲ್ಟರ್ ಹಿಡಿದಿಟ್ಟುಕೊಳ್ಳುತ್ತದೆ, ಆಗಾಗ ಅದನ್ನು ಸುಟ್ಟು ತಾನೇ ಖಾಲಿಯಾಗುತ್ತದೆ, ಇದೇ ರೀಜನರೇಶನ್. ಕರಿ ಹೊಗೆ ಕಂಡಿತೆಂದರೆ ಡಿಪಿಎಫ್ ಬಿರುಕು ಬಿಟ್ಟಿದೆ, ಇಲ್ಲವೇ ಯಾರೋ ಅದನ್ನು ಕಿತ್ತಿದ್ದಾರೆ. ಹೋಸ್ ಸೀಳಿದರೆ ಇಲ್ಲೂ ಮಸಿ ಹೆಚ್ಚುತ್ತದೆ, ಆದರೆ ಅದು ಹೊಗೆಯಾಗಿ ಕಾಣದೆ ರೀಜನರೇಶನ್ ದೀಪ ಮೊದಲಿಗಿಂತ ಬೇಗ ಬೇಗ ಹತ್ತಲು ಶುರುವಾಗುತ್ತದೆ. ದೀಪ ಎಷ್ಟು ಕಿಲೋಮೀಟರಿಗೊಮ್ಮೆ ಬರುತ್ತಿದೆ ಎಂದು ಚಾಲಕ ಬರೆದಿಟ್ಟುಕೊಂಡರೆ, ಆ ಅಂತರ ಕಡಿಮೆಯಾದ ದಿನವೇ ಕ್ಲಾಂಪುಗಳನ್ನು ತಡವಿ ನೋಡಬಹುದು.