ಆಕ್ಸೆಸ್ ಫೈಲನ್ನು ಆನ್‌ಲೈನ್ ಡ್ರೈವ್‌ನಲ್ಲಿಟ್ಟು ಎರಡು ಊರಿನಿಂದ ಬಳಸಬಹುದೇ?

ಓದುಗರ ಪ್ರಶ್ನೆ: ನಮ್ಮದು ಶಿರಸಿಯಲ್ಲಿ ಅಡಿಕೆ ಖರೀದಿ ಅಂಗಡಿ. ತೂಕ, ದರ, ರೈತರ ಖಾತೆ ಎಲ್ಲ ಎಂಎಸ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಈಗ ಕುಮಟಾದಲ್ಲೂ ಅಂಗಡಿ ಮಾಡಿದ್ದೇವೆ. ಫೈಲನ್ನು ಆನ್‌ಲೈನ್ ಡ್ರೈವ್‌ಗೆ ಹಾಕಿ ಎರಡೂ ಕಡೆ ತೆರೆದರೆ ಸಾಕಲ್ವಾ?

ಉತ್ತರ: ಸಾಲದು. ಮೊದಲ ನಾಲ್ಕು ದಿನ ಸರಿಯಾಗಿಯೇ ನಡೆದಂತೆ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ.

ಡ್ರೈವ್ ಮಾಡುವುದು ಇಡೀ ಫೈಲಿನ ನಕಲು. ಶಿರಸಿಯಲ್ಲೊಂದು ಪ್ರತಿ, ಕುಮಟಾದಲ್ಲೊಂದು ಪ್ರತಿ. ಒಂದೇ ಅಂಗಡಿಯ ಕಂಪ್ಯೂಟರುಗಳನ್ನು ಜೋಡಿಸುವ ಲ್ಯಾನ್‌ನಲ್ಲಾದರೆ ಆಕ್ಸೆಸ್ ಪಕ್ಕದಲ್ಲೇ ಒಂದು ಲಾಕ್ ಫೈಲ್ ಇಟ್ಟುಕೊಂಡು ಯಾರು ಎಲ್ಲಿ ತಿದ್ದುತ್ತಿದ್ದಾರೆ ಎಂದು ಕಾಯುತ್ತದೆ. ಪ್ರತಿಗಳು ಬೇರೆಯಾದ ಮೇಲೆ ಆ ಕಾವಲು ಇಲ್ಲ. ನೀವು ಇಲ್ಲಿ ಹತ್ತು ಚೀಲ ರಾಶಿ ಅಡಿಕೆ ಬರೆದಿರಿ, ಅದೇ ಹೊತ್ತಿಗೆ ಅಲ್ಲಿ ಐದು ಚೀಲ ಚಾಲಿ ಅಡಿಕೆ ಬರೆದರು ಎಂದುಕೊಳ್ಳಿ. ಡ್ರೈವ್‌ಗೆ ಎರಡನ್ನೂ ಕೂಡಿಸಲು ಬರುವುದಿಲ್ಲ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸುತ್ತದೆ, ಇಲ್ಲವೇ ಬೇರೆ ಹೆಸರಿನಲ್ಲಿ ಮೂಲೆಗೆ ಹಾಕುತ್ತದೆ. ಚೀಲದ ಲೆಕ್ಕ ತಪ್ಪಿದ್ದು ರೈತರು ಹಣ ಕೇಳಲು ಬಂದ ದಿನ ಗೊತ್ತಾಗುತ್ತದೆ.

ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಶಿರಸಿಯ ಫೈಲನ್ನೇ ಕುಮಟಾದಿಂದ ತೆರೆಯುವುದೂ ಬೇಡ. ಬರೆಯುತ್ತಿರುವಾಗ ನೆಟ್ ಕಡಿದರೆ ಫೈಲೇ ಕೆಡಬಹುದು. ಘಟ್ಟದ ಮಳೆಗಾಲದಲ್ಲಿ ನೆಟ್ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಹಾಗಾಗಿ ಫೈಲನ್ನು ಬಿಡಿ, ಲೆಕ್ಕದ ಸಾಲುಗಳಿರುವ ಟೇಬಲ್‌ಗಳನ್ನು ಮಾತ್ರ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್‌ನಲ್ಲಿರುವ ಸರ್ವರ್‌ಗೆ ಕಳಿಸಿ. ಫಾರ್ಮ್, ರಿಪೋರ್ಟ್, ಕ್ವೆರಿಗಳಿರುವ ಆಕ್ಸೆಸ್ ಫೈಲಿನ ಒಂದೊಂದು ಪ್ರತಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿರಲಿ. ಟೇಬಲ್‌ಗಳು ಮೈಕ್ರೋಸಾಫ್ಟ್‌ನ ಅಜೂರ್ ಎಸ್‌ಕ್ಯೂಎಲ್‌ನಂಥ ಕ್ಲೌಡ್ ಡೇಟಾಬೇಸ್‌ನಲ್ಲಿರಲಿ. ಒಡಿಬಿಸಿ (ಆಕ್ಸೆಸ್ ಮತ್ತು ಡೇಟಾಬೇಸ್ ನಡುವಿನ ಕೊಂಡಿ) ಮೂಲಕ ಲಿಂಕ್ ಮಾಡಿದರೆ ನಿಮ್ಮ ಹಳೆಯ ಫಾರ್ಮ್‌ಗಳೇ ನಡೆಯುತ್ತವೆ. ಟೇಬಲ್ ಸಾಗಿಸಲು ಮೈಕ್ರೋಸಾಫ್ಟ್‌ನದೇ ಎಸ್‌ಎಸ್‌ಎಂಎ ಎಂಬ ಉಚಿತ ಸಾಧನವಿದೆ. ಸುಮ್ನೆ ಎಂಟ್ರಿ ಮಾಡುವವರಿಗೆ ಪೂರ್ತಿ ಆಕ್ಸೆಸ್ ಕೊಳ್ಳಬೇಕಿಲ್ಲ, ಫೈಲನ್ನು ಬಳಸಲು ಮಾತ್ರ ಬರುವ ಉಚಿತ ರನ್‌ಟೈಮ್ ಸಾಕು.

ಮೈಕ್ರೋಸಾಫ್ಟ್‌ನ ಆನ್‌ಲೈನ್ ಸೇವೆಯಾದ ಶೇರ್‌ಪಾಯಿಂಟ್‌ನ ಲಿಸ್ಟ್‌ಗೂ ಟೇಬಲ್ ಕಳಿಸಬಹುದು. ಆದರೆ 5,000 ಸಾಲು ದಾಟಿದ ಮೇಲೆ ಅಲ್ಲಿ ಮಿತಿಗಳು ಕಾಡುತ್ತವೆ. ಖರೀದಿ ಲೆಕ್ಕಕ್ಕೆ ನಾನಂತೂ ಅದನ್ನು ಹೇಳುವುದಿಲ್ಲ.

ಲಿಂಕ್ ಮಾಡುವಾಗ ಪ್ರತಿ ಟೇಬಲ್‌ಗೂ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ ಇರಬೇಕು. ಇಲ್ಲದಿದ್ದರೆ ಡೇಟಾ ಕಾಣುತ್ತದೆ, ತಿದ್ದಲು ಬರುವುದಿಲ್ಲ. ಹೌದು-ಇಲ್ಲ ಕಾಲಂಗಳನ್ನು ಖಾಲಿ ಬಿಡದೆ ಡೀಫಾಲ್ಟ್ ಆಗಿ ಸೊನ್ನೆ ಕೊಡಿ. ಇಲ್ಲವಾದರೆ ನೀವೊಬ್ಬರೇ ಕೆಲಸ ಮಾಡುತ್ತಿದ್ದರೂ 'ಬೇರೆಯವರು ಇದನ್ನು ಬದಲಾಯಿಸಿದ್ದಾರೆ' ಎಂಬ ಸಂದೇಶ ಬಂದು ತಲೆ ಕೆಡಿಸುತ್ತದೆ. ಅಜೂರ್‌ನ ಫೈರ್‌ವಾಲ್ ಎಂಬ ಕಾವಲು ನೀವು ಸೇರಿಸಿದ ಐಪಿ ವಿಳಾಸಗಳನ್ನಷ್ಟೇ ಒಳಗೆ ಬಿಡುತ್ತದೆ. ಅಂಗಡಿಯ ಬ್ರಾಡ್‌ಬ್ಯಾಂಡ್‌ನ ಐಪಿ ಬದಲಾಗುತ್ತಿದ್ದರೆ ಒಂದು ಬೆಳಿಗ್ಗೆ ಬಾಗಿಲು ಮುಚ್ಚಿರುತ್ತದೆ.

ಇನ್ನು ವೇಗ. ಫಾರ್ಮ್ ತೆರೆದ ಕೂಡಲೇ ಎಲ್ಲ ವರ್ಷಗಳ ಸಾಲುಗಳನ್ನೂ ಎಳೆಯುವಂತಿದ್ದರೆ ಕುಮಟಾದಲ್ಲಿ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ. ಇವತ್ತಿನ ಖರೀದಿ, ಅಥವಾ ಒಬ್ಬ ರೈತರ ಖಾತೆ, ಅಷ್ಟನ್ನೇ ತರುವಂತೆ ಬದಲಾಯಿಸಿಕೊಳ್ಳಿ. ಜಾಸ್ತಿ ಕೆಲಸ ಇರುವುದು ಇಲ್ಲೇ.

ನೆಟ್ ಹೋದಾಗ ಎಂಟ್ರಿ ನಿಲ್ಲುತ್ತದೆ, ರಸೀದಿ ಪುಸ್ತಕವನ್ನು ಎಸೆಯಬೇಡಿ. ಬದಲಾವಣೆಯನ್ನು ಮಳೆ ಬಿಟ್ಟ ಮೇಲೆ, ಕೊನೆಕೊಯ್ಲು ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.