ಪದ ಪರಿಚಯ: ಶಾಲೆಯಿಂದ ಹೊರಗುಳಿದ ಮಗು

ಶಿಕ್ಷಣ ಇಲಾಖೆಯ ಕಾಗದಪತ್ರಗಳಲ್ಲಿ ‘ಶಾಲೆಯಿಂದ ಹೊರಗುಳಿದ ಮಗು’ ಎಂಬ ಮಾತು ಪದೇ ಪದೇ ಬರುತ್ತದೆ. ನಮ್ಮ ಕಲಬುರಗಿ ಕಡೆ ಜನ ‘ಸಾಲಿ ಬಿಟ್ಟಾನ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಾನೂನಿಗೆ ಅಷ್ಟು ಸಾಲದು. ಅದಕ್ಕೆ ಮಗುವಿನ ವಯಸ್ಸು ಎಷ್ಟು, ಎಷ್ಟು ದಿನದಿಂದ ಶಾಲೆಗೆ ಬಂದಿಲ್ಲ ಎಂಬ ಲೆಕ್ಕ ಬೇಕು. ಆ ಲೆಕ್ಕದೊಳಗೆ ಬಂದ ಮಗುವನ್ನು ಹುಡುಕಿಕೊಂಡು ಹೋಗುವುದು ಸರ್ಕಾರದ ಹೊಣೆ. ಲೆಕ್ಕದ ಆಚೆ ನಿಂತ ಮಗುವನ್ನು ಹುಡುಕುವ ಹೊಣೆಯನ್ನು ಆ ಕಾನೂನು ಯಾರ ಮೇಲೂ ಹೊರಿಸಿಲ್ಲ. ಹಾಗಾಗಿ ಈ ಪದದ ಅರ್ಥ ತಿಳಿದುಕೊಳ್ಳುವುದು ಮೇಷ್ಟ್ರುಗಳಿಗೆ, ಅಧಿಕಾರಿಗಳಿಗೆ ಮಾತ್ರ ಬಿಟ್ಟ ಕೆಲಸವಲ್ಲ.

ಮೊದಲು ಕಾನೂನಿನ ಅರ್ಥ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಒಂದರಿಂದ ಎಂಟನೇ ತರಗತಿವರೆಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಬೇಕೆಂದು ಅದು ಹೇಳುತ್ತದೆ. ಈ ವಯಸ್ಸಿನ ಮಗು ಶಾಲೆಗೆ ಸೇರಿಯೇ ಇಲ್ಲದಿದ್ದರೆ, ಅಥವಾ ಸೇರಿದ ಮೇಲೆ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದ್ದರೆ, ಅದು ಹೊರಗುಳಿದ ಮಗು. ಎಷ್ಟು ದಿನ ಬರದಿದ್ದರೆ ಹಾಗೆ ಕರೆಯಬೇಕು? ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಪ್ರಕಾರ 45 ದಿನ. ಕರ್ನಾಟಕದಲ್ಲಿ 2013ರಲ್ಲಿ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ಆಧರಿಸಿ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಆ ಪ್ರಕರಣದ ಫಲವಾಗಿ ರಾಜ್ಯದ ನಿಯಮ ಬದಲಾಗಿ, ಸತತ 7 ದಿನ ಬರದ ಮಗುವನ್ನೂ ಹೊರಗುಳಿದ ಮಗುವೆಂದೇ ಎಣಿಸಬೇಕೆಂದಾಯಿತು.

45 ದಿನಕ್ಕೂ 7 ದಿನಕ್ಕೂ ಇರುವ ವ್ಯತ್ಯಾಸ ನಮ್ಮ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ಹೊಲದ ಕೆಲಸ ಮುಗಿಯುತ್ತಲೇ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಗುಳೆ ಹೋಗುವ ಕುಟುಂಬಗಳು ಊರೂರಿಗೂ, ತಾಂಡಾ ತಾಂಡಾಕ್ಕೂ ಇವೆ. ಮೊದಲ ವಾರದಲ್ಲೇ ಮೇಷ್ಟ್ರು ಮನೆಗೆ ಹೋಗಿ ಕೇಳಿದರೆ ಅಜ್ಜಿಯೋ ದೊಡ್ಡಪ್ಪನೋ ಸಿಗುತ್ತಾರೆ. ಮಗುವನ್ನು ಅವರ ಹತ್ತಿರವೋ ಋತುಮಾನ ವಸತಿ ನಿಲಯದಲ್ಲೋ ಉಳಿಸಿಕೊಳ್ಳುವ ಮಾತಾಡಬಹುದು. ಒಂದೂವರೆ ತಿಂಗಳು ಕಳೆದ ಮೇಲೆ ಹೋದರೆ ಬಾಗಿಲಿಗೆ ಬೀಗ. ಅಷ್ಟರಲ್ಲಿ ಹುಡುಗ ಯಾವುದೋ ಕಟ್ಟಡದ ಕೆಳಗೆ ತಮ್ಮನನ್ನು ಆಡಿಸುತ್ತಾ, ಇಟ್ಟಿಗೆ ಎತ್ತುತ್ತಾ ಇರುತ್ತಾನೆ. ಏಳು ದಿನದ ನಿಯಮ ಒಳ್ಳೆಯ ನಿಯಮ. ಅದನ್ನು ಪಾಲಿಸಲು ಹಾಜರಿ ಪುಸ್ತಕ ಸುಳ್ಳು ಹೇಳಬಾರದು, ಅಷ್ಟೆ. ಬಾರದ ಮಗುವಿನ ಹೆಸರಿನ ಮುಂದೆ ನಡುನಡುವೆ ಒಂದೊಂದು ಹಾಜರಿ ಬಿದ್ದುಬಿಟ್ಟರೆ ಸತತ ಏಳು ದಿನ ಎಂಬುದು ಎಂದೂ ಪೂರ್ತಿಯಾಗುವುದಿಲ್ಲ. ಆ ಮಗು ಕಾಗದದಲ್ಲಿ ಶಾಲೆಯೊಳಗೇ ಇರುತ್ತದೆ.

ಇನ್ನು ವಯಸ್ಸಿನ ಮಾತು. ಈ 14 ಎಂಬ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಸಂವಿಧಾನ ರಚನಾ ಸಭೆಗೆ ತಲುಪುತ್ತೇವೆ. 1948ರ ನವೆಂಬರ್ 23ರಂದು ಅಲ್ಲಿ ಉಚಿತ, ಕಡ್ಡಾಯ ಶಿಕ್ಷಣದ ವಿಧಿಯ ಚರ್ಚೆ ನಡೆದಾಗ, ಉಚಿತ ಶಿಕ್ಷಣವನ್ನು ಪ್ರಾಥಮಿಕ ಹಂತಕ್ಕಷ್ಟೇ ಸೀಮಿತಗೊಳಿಸೋಣ ಎಂಬ ಸಲಹೆ ಬಂತು. ಬಾಬಾಸಾಹೇಬ ಅಂಬೇಡ್ಕರ್ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಬಹಳ ಸರಳ: 14ರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದು ಇದೇ ಸಂವಿಧಾನದಲ್ಲಿ ಇನ್ನೊಂದು ಕಡೆ ಬರೆಯುತ್ತಿದ್ದೇವೆ, ದುಡಿಮೆ ಬೇಡವೆಂದ ಮೇಲೆ ಆ ವಯಸ್ಸಿನವರೆಗೆ ಮಗುವಿಗೆ ಶಾಲೆ ಇರಲೇಬೇಕು. ಕೆಲಸದಿಂದ ಬಿಡಿಸುವುದು, ಶಾಲೆಯಲ್ಲಿ ಕೂರಿಸುವುದು ಎರಡೂ ಕೂಡಿಯೇ ನಡೆಯಬೇಕೆಂಬ ಆ ವಿಚಾರವೇ 14ರ ಬುಡ. ನಮ್ಮ ಚರ್ಚೆಗಳಲ್ಲಿ ಇದನ್ನು ನೆನೆಯುವವರು ಕಡಿಮೆ.

ಮುಂದೆ ಅದು ಸಂವಿಧಾನದ ನಿರ್ದೇಶಕ ತತ್ವಗಳ, ಎಂದರೆ ಸರ್ಕಾರಕ್ಕೆ ದಾರಿ ತೋರುವ ಆದರೆ ಕೋರ್ಟಿನಲ್ಲಿ ಹಕ್ಕೆಂದು ಕೇಳಲಾಗದ ಮಾತುಗಳ, 45ನೇ ವಿಧಿಯಾಯಿತು. ಹತ್ತು ವರ್ಷದಲ್ಲಿ, ಎಂದರೆ 1960ರೊಳಗೆ, ಮುಟ್ಟಬೇಕಿದ್ದ ಗುರಿ ಮುಟ್ಟಲಿಲ್ಲ. 1992ರಲ್ಲಿ ಕರ್ನಾಟಕದ ಕಾಲೇಜುಗಳು ಸೀಟಿಗಾಗಿ ವಸೂಲಿ ಮಾಡುತ್ತಿದ್ದ ಕ್ಯಾಪಿಟೇಶನ್ ಶುಲ್ಕದ ಮೇಲೆ ನಡೆದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣವನ್ನು ಹಕ್ಕೆಂದು ಕರೆಯಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು 14 ವರ್ಷಕ್ಕೆ ನಿಲ್ಲಿಸಿತು. 2002ರ 86ನೇ ತಿದ್ದುಪಡಿಯಿಂದ 21ಎ ವಿಧಿ ಸೇರಿ ಅದು ಮೂಲಭೂತ ಹಕ್ಕಾಯಿತು.

ಹಕ್ಕು ಕೈಗೆ ಬಂದಿದ್ದು ದೊಡ್ಡ ಸಂಗತಿ, ಅನುಮಾನವೇ ಇಲ್ಲ. ಆದರೆ ಕಲಬುರಗಿ ನಗರದಲ್ಲಿ ಇವತ್ತು ಹದಿಹರೆಯದ ಮಕ್ಕಳು ಓದು ಬಿಡುವ ಜಾಗ ಯಾವುದೆಂದು ನೋಡಿದರೆ, ಈ ಪದದ ಅರ್ಥದಲ್ಲಿರುವ ಕೊರತೆ ಎದ್ದು ಕಾಣುತ್ತದೆ.

ನಮ್ಮ ರಾಜ್ಯದ ಶಾಲಾ ರಚನೆಯನ್ನೇ ತೆಗೆದುಕೊಳ್ಳಿ. ಕಾಯ್ದೆ ಎಂಟನೇ ತರಗತಿವರೆಗೆ ಹಕ್ಕು ಎನ್ನುತ್ತದೆ. ನಮ್ಮಲ್ಲಿ ಬಹಳಷ್ಟು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ, ಎಂಟನೆಯದು ಹೈಸ್ಕೂಲಿನಲ್ಲಿದೆ. ಹಕ್ಕಿನ ಕೊನೆಯ ವರ್ಷಕ್ಕೆ ಮಗು ಟಿಸಿ ತೆಗೆದುಕೊಂಡು ಇನ್ನೊಂದು ಶಾಲೆಯ ಬಾಗಿಲು ತಟ್ಟಬೇಕು. ಓಣಿಯ ಶಾಲೆ ಹೋಗಿ ಮುಖ್ಯರಸ್ತೆ ದಾಟುವ ಶಾಲೆ ಬರುತ್ತದೆ. ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಹತ್ತಿರದಲ್ಲಿ ಉರ್ದು ಹೈಸ್ಕೂಲ್ ಇಲ್ಲದಿದ್ದರೆ ಭಾಷೆಯೇ ಬದಲಾಗುತ್ತದೆ. ಮನೆಯಲ್ಲಿ ಲಂಬಾಣಿಯೋ ಮರಾಠಿಯೋ ತೆಲುಗೋ ಆಡುವ ಮಗು ಹೇಗೋ ಕನ್ನಡಕ್ಕೆ ಹೊಂದಿಕೊಂಡಿರುತ್ತದೆ, ಈಗ ಇಂಗ್ಲಿಷ್ ಮಾಧ್ಯಮದ ಆಸೆಗೆ ಮತ್ತೊಮ್ಮೆ ಹೊಂದಿಕೊಳ್ಳಬೇಕು. ಹೆಣ್ಣುಮಕ್ಕಳಾದರೆ ‘ದೊಡ್ಡಾಕಿ ಆದಳು, ಇನ್ನ ಅಷ್ಟು ದೂರ ಯಾಕ’ ಎಂಬ ಮಾತು ಸರಿಯಾಗಿ ಇದೇ ಹೊತ್ತಿಗೆ ಮನೆಯೊಳಗೆ ಹುಟ್ಟುತ್ತದೆ. ಏಳರಿಂದ ಎಂಟಕ್ಕೆ ಹೋಗುವಾಗ ಹೆಸರು ಹಳೆಯ ಶಾಲೆಯ ಪುಸ್ತಕದಿಂದ ತೆಗೆದುಹೋಗಿರುತ್ತದೆ, ಹೊಸ ಶಾಲೆಯ ಪುಸ್ತಕದಲ್ಲಿ ಬಿದ್ದಿರುವುದಿಲ್ಲ. ಇಲಾಖೆ ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ ಇರುವುದರಿಂದ ಈಗ ಇದನ್ನು ಪತ್ತೆ ಹಚ್ಚಬಹುದು. ಪತ್ತೆ ಹಚ್ಚಿದ ಮೇಲೆ ಮನೆವರೆಗೆ ನಡೆದು ಹೋಗುವವರು ಬೇಕು.

ಎಂಟು ದಾಟಿದ ಮೇಲಂತೂ ಕಾಯ್ದೆಯ ಆಸರೆಯೇ ಇಲ್ಲ. ಹತ್ತನೇ ತರಗತಿ ದೊಡ್ಡ ಗೋಡೆಯಾಗಿ ನಿಲ್ಲುತ್ತದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯಕ್ಕೇ ಕೊನೆ. ಅದರ ಹಿಂದಿನ ವರ್ಷ ಕೊನೆಯ ಸ್ಥಾನ ಯಾದಗಿರಿಯದಾಗಿತ್ತು. ಫಲಿತಾಂಶ ಬಂದ ದಿನ ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಜಿಲ್ಲೆಯ ಸ್ಥಾನದ ಬಗ್ಗೆ ಬಿಸಿ ಬಿಸಿ ಮಾತು ನಡೆಯುತ್ತದೆ, ಮೇಷ್ಟ್ರುಗಳಿಗೆ ನೋಟಿಸ್ ಹೋಗುತ್ತದೆ. ಪರೀಕ್ಷೆ ಬರೆದ ನೂರರಲ್ಲಿ ಫೇಲಾದ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಆ ಸಂಜೆ ಎಲ್ಲಿಗೆ ಹೋದರು ಎಂಬುದನ್ನು ಯಾರೂ ಕೇಳುವುದಿಲ್ಲ. ಕೆಲವರು ಅದೇ ವರ್ಷದ ಮುಂದಿನ ಪರೀಕ್ಷೆ ಬರೆದು ಪಾರಾಗುತ್ತಾರೆ. ಉಳಿದವರನ್ನು ರಿಂಗ್ ರಸ್ತೆಯ ಗ್ಯಾರೇಜುಗಳಲ್ಲಿ, ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಗಳಲ್ಲಿ, ನೆಹರೂ ಗಂಜ್‌ನಲ್ಲಿ ತೊಗರಿ ಚೀಲಗಳ ನಡುವೆ ನೋಡಬಹುದು.

ಅಂಥ ಹುಡುಗನನ್ನು ‘ಸಾಲಿ ಬಿಟ್ಟಿಯೇನಪಾ’ ಎಂದು ಕೇಳಿ ನೋಡಿ. ‘ಇಲ್ರೀ, ಎರಡ್ ಸಬ್ಜೆಕ್ಟ್ ಉಳದಾವ’ ಎನ್ನುತ್ತಾನೆ. ಉಳಿದದ್ದು ಹೆಚ್ಚಾಗಿ ಗಣಿತ, ವಿಜ್ಞಾನ, ಇಂಗ್ಲಿಷ್. ಕೈಯಲ್ಲಿ ಸ್ಪ್ಯಾನರ್, ಅಂಗಿಗೆ ಗ್ರೀಸು. ಅವನ ಮನಸ್ಸಿನಲ್ಲಿ ಅವನಿನ್ನೂ ವಿದ್ಯಾರ್ಥಿಯೇ. ಶಾಲೆಯ ಲೆಕ್ಕದಲ್ಲಿ ಅವನು ಹತ್ತನೆಯದು ಮುಗಿಸಿ ಹೋದವನು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ವಯಸ್ಸು ದಾಟಿದವನು. ಕಾರ್ಮಿಕ ಇಲಾಖೆಯ ಲೆಕ್ಕದಲ್ಲೂ ತೊಡಕಿಲ್ಲ, ಏಕೆಂದರೆ 2016ರ ತಿದ್ದುಪಡಿಯ ನಂತರ 14 ದಾಟಿದ, 18 ತುಂಬದ ಕಿಶೋರರಿಗೆ ಅಪಾಯಕಾರಿ ಕೆಲಸಗಳಷ್ಟೇ ನಿಷಿದ್ಧ, ಮಿಕ್ಕಿದ್ದಕ್ಕೆ ಅವಕಾಶವಿದೆ. ಹದಿನೈದು ವರ್ಷದ ಹುಡುಗ ಹೀಗೆ ಮೂರು ಲೆಕ್ಕಗಳಲ್ಲೂ ಸರಿಯಾಗಿಯೇ ಇದ್ದಾನೆ. ‘ಹೊರಗುಳಿದ ಮಗು’ ಎಂದು ಅವನನ್ನು ಬರೆದುಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದಿಲ್ಲ. ನನ್ನ ಮಟ್ಟಿಗೆ ಅವನೂ ಆ ಪದದೊಳಗೆ ಬರಬೇಕಾದವನು. ದುಡಿಮೆಯಿಂದ ಬಿಡಿಸಿದರೆ ಶಾಲೆ ಕೊಡಬೇಕೆಂದು ಅಂಬೇಡ್ಕರ್ ಹೇಳಿದ್ದನ್ನು ನಾವು ತಿರುಗಿಸಿ ಹಿಡಿದಿದ್ದೇವೆ: 14 ಆಯಿತು, ಇನ್ನು ದುಡಿಯಬಹುದು, ಶಾಲೆ ಅವನವನ ಪಾಡು.

ಈ ಪಾಡು ಯಾರ ಪಾಲಿಗೆ ಬರುತ್ತದೆ ಎಂಬುದೇ ಸಾಮಾಜಿಕ ನ್ಯಾಯದ ಪ್ರಶ್ನೆ. ನೌಕರಿಯವರ ಮನೆಯ ಹುಡುಗ ಫೇಲಾದರೆ ಟ್ಯೂಷನ್ ಸಿಗುತ್ತದೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹೋಗುತ್ತದೆ, ಮುಂದಿನ ಪರೀಕ್ಷೆಗೆ ಅಪ್ಪನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ದಲಿತರ, ಲಂಬಾಣಿಗಳ, ಮುಸ್ಲಿಂ ಬಡವರ ಓಣಿಗಳಲ್ಲಿ ಆ ಮನೆಯಿಂದ ಹತ್ತನೆಯದಕ್ಕೆ ಬಂದ ಮೊದಲ ಮಗು ಅದಾಗಿರುತ್ತದೆ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇ 64.85, ಯಾದಗಿರಿಯದು 51.83, ರಾಜ್ಯದ್ದು 75.36. ಅರ್ಜಿಯ ಕೊನೆಯ ದಿನ ಯಾವುದು, ಶುಲ್ಕ ಎಲ್ಲಿ ಕಟ್ಟಬೇಕು ಎಂದು ಓದಿ ಹೇಳುವವರಿಲ್ಲದ ಮನೆಯಲ್ಲಿ ಎರಡನೇ ಪರೀಕ್ಷೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಹುಡುಗಿಯಾದರೆ ಫೇಲಾದ ತಿಂಗಳಲ್ಲೇ ಗಂಡು ನೋಡುವ ಮಾತು ಬರುತ್ತದೆ, 18 ತುಂಬಿಲ್ಲವೆಂದು ಗೊತ್ತಿದ್ದೂ.

ಇಲ್ಲಿ ಸಂವಿಧಾನದ 371(ಜೆ) ವಿಧಿಯ ಮಾತು ಬರಲೇಬೇಕು. ದಶಕಗಳ ಹೋರಾಟದ ನಂತರ 2012ರ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ ವಿಶೇಷ ಸ್ಥಾನಮಾನ ಅದು. ಈ ಭಾಗದ ಮಕ್ಕಳಿಗೆ ವೃತ್ತಿಪರ ಕೋರ್ಸುಗಳಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ತಂದುಕೊಟ್ಟಿದೆ. ಡಾಕ್ಟರ್, ಎಂಜಿನಿಯರ್ ಆದವರು ಎಷ್ಟೋ ಜನ. ಆದರೆ ಆ ಸೌಲಭ್ಯದ ಬಾಗಿಲು ತೆರೆಯುವುದು ಹತ್ತನೆಯದು, ಪಿಯುಸಿ ದಾಟಿದವರಿಗೆ. ಗಣಿತದಲ್ಲಿ ಉಳಿದು ಗ್ಯಾರೇಜು ಸೇರಿದ ಹುಡುಗನ ಪಾಲಿಗೆ 371(ಜೆ) ಇದ್ದೂ ಇಲ್ಲ. ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯ ಹೆಸರಿನಲ್ಲಿ ಪಡೆದ ಹಕ್ಕು, ಅತಿ ಹೆಚ್ಚು ಹಿಂದೆ ಬಿದ್ದವನ ಕೈಗೆ ಎಟುಕುತ್ತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈಚೆಗೆ ಶಿಕ್ಷಣಕ್ಕೆ ಹೆಚ್ಚು ಹಣ ಎತ್ತಿಡುತ್ತಿರುವುದು ಸರಿಯಾದ ಹೆಜ್ಜೆ. ಕೋಣೆ, ಕಾಂಪೌಂಡು, ಸ್ಮಾರ್ಟ್ ಕ್ಲಾಸಿನ ಜೊತೆಗೆ ಗಣಿತ, ಇಂಗ್ಲಿಷ್ ಮೇಷ್ಟ್ರುಗಳ ಖಾಲಿ ಹುದ್ದೆ ತುಂಬುವುದಕ್ಕೂ ಅದೇ ಜೋರು ಬೇಕು. ಮೇಷ್ಟ್ರಿಲ್ಲದೆ ವರ್ಷವಿಡೀ ಕಳೆದ ವಿಷಯದಲ್ಲಿ ಮಗು ಫೇಲಾದರೆ ಅದು ಮಗುವಿನ ತಪ್ಪೆಂದು ಅಂಕಪಟ್ಟಿಯಲ್ಲಿ ಬರೆಯುವುದು ಅನ್ಯಾಯ.

ಹಳ್ಳಿಗಿಂತ ನಗರದಲ್ಲಿ ಈ ಮಕ್ಕಳನ್ನು ಹುಡುಕುವುದು ಕಷ್ಟ. ಹಳ್ಳಿಯಲ್ಲಿ ಯಾರ ಮನೆಯ ಮಗು ಎಲ್ಲಿದೆ ಎಂದು ಪಂಚಾಯಿತಿಗೆ ಗೊತ್ತಿರುತ್ತದೆ. ನಗರದಲ್ಲಿ ಬಾಡಿಗೆ ಏರಿದಾಗೆಲ್ಲ ಮನೆ ಬದಲಾಗುತ್ತದೆ, ತಾರಫೈಲ್‌ನಲ್ಲಿದ್ದವರು ಕಪನೂರಿನ ಕಡೆ ಹೋಗುತ್ತಾರೆ. ಮಹಾನಗರ ಪಾಲಿಕೆಯ 55 ವಾರ್ಡುಗಳಲ್ಲಿ ಮನೆ ಮನೆ ಸಮೀಕ್ಷೆ ನಡೆದರೂ ಹಗಲು ಹೊತ್ತು ಬಂದ ಸಿಬ್ಬಂದಿಗೆ ಮನೆಯಲ್ಲಿ ಯಾರೂ ಸಿಗುವುದಿಲ್ಲ, ಎಲ್ಲರೂ ಕೂಲಿಗೆ ಹೋಗಿರುತ್ತಾರೆ.

ಇಷ್ಟಾದರೂ ಈಗಿರುವ ಕಾನೂನಿನಲ್ಲೇ ಮಾಡಬಹುದಾದದ್ದು ಕಡಿಮೆ ಇಲ್ಲ. ನಿಮ್ಮ ಓಣಿಯ ಮಗು 14ರ ಒಳಗಿನದಾಗಿದ್ದರೆ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ವರ್ಷದ ನಡುವೆ ಬಂದಿದ್ದೀರಿ ಎಂದು ಯಾವ ಸರ್ಕಾರಿ ಶಾಲೆಯೂ ವಾಪಸ್ ಕಳಿಸುವಂತಿಲ್ಲ. ಎಷ್ಟೇ ವರ್ಷ ತಪ್ಪಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ವಿಶೇಷ ತರಬೇತಿ ಕೊಟ್ಟು ಉಳಿದವರ ಸಮಕ್ಕೆ ತರಬೇಕೆಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ತರಬೇತಿ ಮುಗಿಯುವಷ್ಟರಲ್ಲಿ 14 ದಾಟಿದರೂ ಎಂಟನೆಯದು ಮುಗಿಸುವ ತನಕ ಉಚಿತ ಶಿಕ್ಷಣ ಅದರ ಹಕ್ಕು. ಓದು ಬಿಟ್ಟ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ಊಟ, ವಸತಿ ಸಮೇತ ಜಾಗವಿದೆ. ಬಾಲಕಾರ್ಮಿಕ ಪದ್ಧತಿಯೋ ಬಾಲ್ಯವಿವಾಹವೋ ಕಂಡರೆ 1098ಕ್ಕೆ ಕರೆ ಮಾಡಬಹುದು.

14 ದಾಟಿ ಹತ್ತರಲ್ಲಿ ನಿಂತವರಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫೇಲಾದವರು ಸರ್ಕಾರಿ ಹೈಸ್ಕೂಲಿಗೆ ಮರುದಾಖಲಾಗಿ ಮತ್ತೆ ತರಗತಿಯಲ್ಲಿ ಕೂರಲು ಇಲಾಖೆ ಅವಕಾಶ ಕೊಟ್ಟಿದೆ. ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ. ಕೊರತೆ ಇರುವುದು ಇದನ್ನೆಲ್ಲ ಆ ಹುಡುಗನಿಗೆ ಹೋಗಿ ಹೇಳುವವರದು. ಯಾರು ಯಾವ ವಿಷಯದಲ್ಲಿ ಉಳಿದಿದ್ದಾರೆ ಎಂಬ ಪಟ್ಟಿ, ಪಾಲಕರ ಫೋನ್ ನಂಬರಿನ ಸಮೇತ, ಪ್ರತಿ ಹೈಸ್ಕೂಲಿನ ಮುಖ್ಯ ಗುರುಗಳ ಬಳಿ ಇದೆ. ಫಲಿತಾಂಶ ಬಂದ ಏಳು ದಿನದೊಳಗೆ ಆ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ಕೆಲಸವನ್ನು ಇಂಥವರದೇ ಎಂದು ಲಿಖಿತವಾಗಿ ಗೊತ್ತುಮಾಡಿ, ಕಲಬುರಗಿಯ ಒಂದೆರಡು ವಾರ್ಡುಗಳಲ್ಲಾದರೂ ಬರುವ ಪರೀಕ್ಷೆಯಿಂದಲೇ ಶುರು ಮಾಡಬೇಕು.