ಮೌಂಟ್ ಲಾರೆಲ್: 36 ಮನೆಗಳಿಂದ ಶುರುವಾದ ಐವತ್ತು ವರ್ಷದ ಕೇಸು

ನ್ಯೂಜೆರ್ಸಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡದವರಿಗೆ ‘ಮೌಂಟ್ ಲಾರೆಲ್’ ಅನ್ನುವ ಹೆಸರು ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತಿರಬೇಕು. ಟೌನ್‌ಶಿಪ್ ಮೀಟಿಂಗ್‌ಗೆ ಹೋದರೆ ಅದೇ ಮಾತು. ಕಡಿಮೆ ಆದಾಯದವರಿಗೆ ನಮ್ಮಲ್ಲಿ ಎಷ್ಟು ಮನೆ ಕಟ್ಟಬೇಕು, ಹಾಗಂತ ಹೇಳಿದ್ದು ಯಾರು, ಇದು ಎಷ್ಟನೇ ‘ರೌಂಡ್’, ಅಂದರೆ ಊರಿನ ಪಾಲಿನ ಲೆಕ್ಕ ಹಾಕುವ ಎಷ್ಟನೇ ಸುತ್ತು? ಗಂಟು ಹಳೆಯದು. ಬುಡದಿಂದ ಬಿಡಿಸಿಕೊಂಡು ಬರೋಣ.

ಮೊದಲು ಕೋರ್ಟಿನ ವಿಷಯ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ, ತನ್ನದೇ ಮೇಲಿನ ಕೋರ್ಟ್ ಇದೆ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಇರುವುದು ಟ್ರೆಂಟನ್‌ನಲ್ಲಿ, ಏಳು ಜನ ನ್ಯಾಯಮೂರ್ತಿಗಳು. ನಮ್ಮ ಹೈಕೋರ್ಟಿನಲ್ಲಿ ಸೋತವರು ದೆಹಲಿಗೆ ಹೋಗುವ ಹಾಗೆ ಇಲ್ಲಿ ಎಲ್ಲದಕ್ಕೂ ವಾಷಿಂಗ್ಟನ್‌ಗೆ ಹೋಗಲು ಆಗುವುದಿಲ್ಲ. ತೀರ್ಪು ರಾಜ್ಯದ ಸಂವಿಧಾನದ ಮೇಲೆ ನಿಂತಿದ್ದರೆ ವ್ಯಾಜ್ಯ ಟ್ರೆಂಟನ್‌ನಲ್ಲೇ ಮುಗಿಯುತ್ತದೆ. ಮೌಂಟ್ ಲಾರೆಲ್ ತೀರ್ಪು ಉಳಿದುಕೊಂಡಿದ್ದೇ ಹೀಗೆ.

ಮೌಂಟ್ ಲಾರೆಲ್ ಇರುವುದು ಫಿಲಡೆಲ್ಫಿಯಾ ಹತ್ತಿರ. 1950ರಲ್ಲಿ ಅಲ್ಲಿ 2,817 ಜನ ಇದ್ದರು, 1970ಕ್ಕೆ 11,221. ಹೊಲಗಳಿದ್ದ ಕಡೆ ಹೊಸ ಬಡಾವಣೆಗಳು ಎದ್ದವು. ಸ್ಪ್ರಿಂಗ್‌ವಿಲ್ ಅನ್ನುವ ಭಾಗದಲ್ಲಿ ತಲೆಮಾರುಗಳಿಂದ ಇದ್ದ ಕಪ್ಪು ಜನರ ಕೆಲವು ಕುಟುಂಬಗಳು ಹಳೇ ಕೋಳಿಗೂಡುಗಳನ್ನೇ ಮನೆ ಮಾಡಿಕೊಂಡಿದ್ದವು. ವಾಸಕ್ಕೆ ಲಾಯಕ್ಕಿಲ್ಲ ಅಂತ ಅವನ್ನೂ ಖಾಲಿ ಮಾಡಿಸಲಾಗುತ್ತಿತ್ತು. ಅಲ್ಲಿನವರು ಸೇರಿ 36 ಅಪಾರ್ಟ್‌ಮೆಂಟ್ ಕಟ್ಟಲು ಅನುಮತಿ ಕೇಳಿದರು. 1970ರಲ್ಲಿ ಚರ್ಚಿನಲ್ಲಿ ಸೇರಿದ್ದಾಗ ಅವರಿಗೆ ಸಿಕ್ಕ ಉತ್ತರ, ಇಲ್ಲಿ ಇರೋಕೆ ಕೈಲಾಗದಿದ್ದರೆ ಊರು ಬಿಡಿ ಅಂತ. ಆರು ತಲೆಮಾರಿನಿಂದ ಅದೇ ಊರಿನವರಾಗಿದ್ದ ಎತೆಲ್ ಲಾರೆನ್ಸ್ ಮುಂದೆ ನಿಂತರು. 1971ರಲ್ಲಿ ಕೇಸು ದಾಖಲಾಯಿತು.

1975ರ ತೀರ್ಪನ್ನು ಓದಿದರೆ ಊರಿನ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ. 4,121 ಎಕರೆ ಜಾಗ ಕಾರ್ಖಾನೆಗಳಿಗೆ ಮೀಸಲು. ಅದರಲ್ಲಿ ನಿಜವಾಗಿ ಬಳಕೆಯಾಗಿದ್ದು 100 ಎಕರೆಗಿಂತ ಜಾಸ್ತಿ ಇಲ್ಲ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಬೆಡ್‌ರೂಮಿನ ಮನೆಗೆ ಶಾಲೆಗೆ ಹೋಗುವ ಮಕ್ಕಳಿರುವವರು ಬರುವಂತಿಲ್ಲ. ಯಾಕೆ ಅಂದರೆ, ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಪ್ರಾಪರ್ಟಿ ಟ್ಯಾಕ್ಸ್‌ನಿಂದಲೇ ಬರಬೇಕು. ಕಾರ್ಖಾನೆ ತೆರಿಗೆ ತರುತ್ತದೆ, ಮಗು ಖರ್ಚು ತರುತ್ತದೆ. ಒಂದೇ ಊರು ಅಲ್ಲ, ಸುತ್ತಮುತ್ತಲ ಊರುಗಳೆಲ್ಲ ಹೀಗೇ ಯೋಚಿಸುತ್ತಿದ್ದವು. ಕೋರ್ಟ್ ಇದನ್ನು ಒಪ್ಪಲಿಲ್ಲ. ಬೆಳೆಯುತ್ತಿರುವ ಪ್ರತಿ ಊರೂ ತನ್ನ ಪ್ರದೇಶದ ಬಡವರ ಮನೆಗಳಲ್ಲಿ ನ್ಯಾಯವಾದ ಪಾಲು ಹೊರಬೇಕು ಅಂದಿತು.

ಆಮೇಲೆ ಏನಾಯಿತು? ಸುಮಾರು 14,000 ಎಕರೆಯ ಊರು 20 ಎಕರೆ ತೆಗೆದಿಟ್ಟಿತು. ಅದೂ ಮೂರು ತುಂಡು. ಒಂದು ಕಾರ್ಖಾನೆ ಜಾಗದ ಮಧ್ಯೆ, ಇನ್ನೊಂದು ನೀರು ನಿಲ್ಲುವ ತಗ್ಗಿನಲ್ಲಿ. ಕಾಗದದ ಮೇಲೆ ಆದೇಶ ಪಾಲನೆ ಆಗಿತ್ತು, ಮನೆ ಒಂದೂ ಏಳಲಿಲ್ಲ. ಹಾಗಾಗಿ 1983ರಲ್ಲಿ ಕೋರ್ಟ್ ಬಿಗಿಯಾಯಿತು. ಊರು ತನ್ನ ಪಾಲು ಮಾಡದಿದ್ದರೆ ಬಿಲ್ಡರ್ ಕೇಸು ಹಾಕಬಹುದು. ಗೆದ್ದರೆ, ಒಂದಷ್ಟು ಅಗ್ಗದ ಮನೆ ಸೇರಿಸಿ ದೊಡ್ಡ ಬಡಾವಣೆಯನ್ನೇ ಕಟ್ಟಬಹುದು. ಇದಕ್ಕೆ ‘ಬಿಲ್ಡರ್ಸ್ ರೆಮಿಡಿ’ ಅಂತ ಹೆಸರು. ಊರುಗಳು ಬೆಚ್ಚಿದ್ದು ಇದಕ್ಕೇ.

1985ರಲ್ಲಿ ಸರ್ಕಾರ ಕಾನೂನು ಮಾಡಿ, ಊರುಗಳ ಪಾಲು ಲೆಕ್ಕ ಹಾಕುವ ಕೆಲಸವನ್ನು ‘ಕೋವಾ’ (ಕೌನ್ಸಿಲ್ ಆನ್ ಅಫೋರ್ಡಬಲ್ ಹೌಸಿಂಗ್) ಅನ್ನುವ ಮಂಡಳಿಗೆ ವಹಿಸಿತು. ದುಡ್ಡು ಕೊಟ್ಟು ತನ್ನ ಪಾಲಿನ ಅರ್ಧದವರೆಗೆ ಇನ್ನೊಂದು ಊರಿಗೆ ದಾಟಿಸಲೂ ದಾರಿ ಇತ್ತು. ಅದು ಮುಚ್ಚಿದ್ದು 2008ರಲ್ಲಿ. ಇದು ಪಾಲು ಹೊರುವುದು ಹೇಗಾಗುತ್ತದೆ, ನೀವೇ ಹೇಳಿ. ಎತೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ಮನೆಗಳಿಗೆ ಮೌಂಟ್ ಲಾರೆಲ್‌ನಲ್ಲಿ ಜನ ಬಂದಿದ್ದು 2000ದ ಸುಮಾರಿಗೆ.

1999ರಿಂದ 2015ರವರೆಗೆ ಲೆಕ್ಕ ಹಾಕುವ ನಿಯಮವೇ ನಿಲ್ಲಲಿಲ್ಲ. ಮಂಡಳಿ ಬರೆದದ್ದನ್ನು ಕೋರ್ಟ್ ಹೊಡೆದುಹಾಕಿತು, ಮತ್ತೆ ಬರೆದರೂ ಹಾಗೇ. 2014ರಲ್ಲಿ ಮಂಡಳಿಯ ಮತ ಮೂರಕ್ಕೆ ಮೂರು ಆಗಿ ನಿಂತುಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಕೆಲಸವನ್ನು ಮತ್ತೆ ಕೋರ್ಟುಗಳಿಗೇ ತಂದಿತು. ಆ ಹದಿನಾರು ವರ್ಷ ಮನೆ ಬೇಕಿದ್ದವರನ್ನೂ ಲೆಕ್ಕಕ್ಕೆ ಸೇರಿಸಿ ಅಂತ 2017ರಲ್ಲಿ ಹೇಳಿತು. ಈ ಕೋರ್ಟಿನ ತೀರ್ಪುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ತಡ ಆದಷ್ಟೂ ಸಾಲ ಕರಗುತ್ತದೆ ಅನ್ನುವ ಹಾಗಿರಬಾರದು, ಅಲ್ವಾ?

2024ರ ಕಾನೂನು ಕೋವಾವನ್ನು ರದ್ದು ಮಾಡಿತು. ನಾಲ್ಕನೇ ರೌಂಡ್ 2025ರಿಂದ 2035ರವರೆಗೆ. ರಾಜ್ಯದ 564 ಊರುಗಳು ತಮ್ಮ ಯೋಜನೆ ಸಲ್ಲಿಸಲು ಇದ್ದ ಗಡುವು 2025ರ ಜೂನ್ 30. ತಕರಾರುಗಳು ಮತ್ತೆ ಕೋರ್ಟಿಗೆ ಬಂದಿವೆ. ಟ್ರೆಂಟನ್‌ನ ವಾದಗಳನ್ನು ಮನೆಯಲ್ಲೇ ಕೂತು ಲೈವ್ ನೋಡಬಹುದು. ನಿಮ್ಮ ಊರಿನ ಯೋಜನೆ ಕೈಗೆ ಸಿಕ್ಕರೆ ಎಷ್ಟು ಮನೆ ಅಂತ ಮಾತ್ರ ನೋಡಬೇಡಿ. ಮ್ಯಾಪ್ ತೆರೆದು, ಗುರುತು ಮಾಡಿದ ಜಾಗ ಒಣನೆಲವೋ ತಗ್ಗೋ, ಬಸ್ಸು ಹೋಗುತ್ತದೋ ಇಲ್ಲವೋ, ಅದನ್ನು ಮೊದಲು ನೋಡಿ.